‘ಮಾರಬಹುದಲ್ಲ’ ಅಂದೋರೆಲ್ಲ ಗಿರಾಕಿಗಳಲ್ಲ: ಹವ್ಯಾಸಕ್ಕೆ ಮಾಡಿದ್ದನ್ನ ಮಾರೋಕೆ ಇಳಿಯೋ ಮೊದಲು

ಹೆಣಿಗೆ, ಕ್ರೋಷಾ, ಕಸೂತಿ, ಮಣ್ಣಿನ ಪಾತ್ರೆ, ಮೇಣದ ಬತ್ತಿ, ಸೋಪು, ಮರದ ಆಟಿಕೆ, ಮಣಿ ಸರ, ಏನೇ ಇರಲಿ, ಕೈಯಲ್ಲಿ ಏನಾದ್ರೂ ಮಾಡೋ ಅಭ್ಯಾಸ ಇರೋರಿಗೆ ಒಂದಲ್ಲ ಒಂದಿನ ಈ ಮಾತು ಬಂದೇ ಬರತ್ತೆ: ‘ಅಯ್ಯೋ ಇಷ್ಟು ಚೆನ್ನಾಗಿ ಮಾಡ್ತೀರಲ್ಲ, ಮಾರಬಹುದಲ್ಲ!’ ಹೇಳೋರು ಪ್ರೀತಿಯಿಂದಾನೇ ಹೇಳ್ತಾರೆ, ಅದ್ರಲ್ಲಿ ಅನುಮಾನ ಇಲ್ಲ. ಆದ್ರೆ ಅದು ಹೊಗಳಿಕೆ, ಆರ್ಡರ್ ಅಲ್ಲ. ಆ ಮಾತು ಹೇಳಿದವರ ಹತ್ರ ‘ಸರಿ, ಇಷ್ಟಾಗತ್ತೆ, ನಿಮಗೊಂದು ಮಾಡಿಕೊಡ್ಲಾ’ ಅಂತ ಅಲ್ಲೇ ಕೇಳಿ ನೋಡಿ, ಹತ್ತರಲ್ಲಿ ಎಷ್ಟು ಜನ ಮಾತು ಬದಲಾಯಿಸ್ತಾರೆ ಅಂತ ಗೊತ್ತಾಗತ್ತೆ. ಹೊನ್ನಶೂಲಕ್ಕೆ ಏರಿಸೋದು ಸುಲಭ, ಏರಿದ ಮೇಲೆ ಇಳಿಸೋಕೆ ಯಾರೂ ಬರಲ್ಲ.

ಈ ವಿಷಯ ಬಂದಾಗ ಜನ ಮೊದಲು ಕೇಳ್ಕೊಳ್ಳೋ ಪ್ರಶ್ನೆ ‘ನನ್ನ ಕೆಲಸ ಮಾರೋ ಅಷ್ಟು ಚೆನ್ನಾಗಿದೆಯಾ’ ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ, ಯಾಕಂದ್ರೆ ಕೈ ಪಳಗೋದು ಅಭ್ಯಾಸದಿಂದ ಆಗೋ ಕೆಲಸ, ಇವತ್ತಿಲ್ಲದಿದ್ರೆ ಮುಂದಿನ ವರ್ಷ ಆಗತ್ತೆ. ಮೊದಲ ಪ್ರಶ್ನೆ ಬೇರೆ: ಈ ಕೆಲಸದಲ್ಲಿ ನಿಮಗೆ ಯಾವ ಭಾಗ ಇಷ್ಟ? ಹೊಸ ಡಿಸೈನ್ ಯೋಚನೆ ಮಾಡೋದಾ, ಬಣ್ಣ ಆರಿಸೋದಾ, ಮೊದಲ ಸಲ ಕಷ್ಟಪಟ್ಟು ಕಲಿಯೋದಾ, ಸುಮ್ನೆ ಕೈ ಆಡಿಸ್ತಾ ತಲೆ ಹಗುರ ಮಾಡ್ಕೊಳ್ಳೋದಾ, ಅಥವಾ ಮುಗಿಸಿ ಯಾರಿಗಾದ್ರೂ ಕೊಟ್ಟಾಗ ಅವರ ಮುಖ ನೋಡೋದಾ? ಮಾರೋಕೆ ಶುರು ಮಾಡಿದ್ರೆ ಇದ್ರಲ್ಲಿ ಕೆಲವು ಭಾಗ ಬೆಳೆಯತ್ತೆ, ಕೆಲವು ಸವೆದು ಹೋಗತ್ತೆ, ಮತ್ತೆ ಇಲ್ಲಿಯವರೆಗೂ ಇಲ್ಲದ ಒಂದಷ್ಟು ಕೆಲಸ ಬಂದು ಕೂತ್ಕೊಳ್ಳತ್ತೆ. ನಿಮಗೆ ಇಷ್ಟ ಇರೋ ಭಾಗ ಉಳಿಯತ್ತಾ ಅನ್ನೋದರ ಮೇಲೇನೇ ಎಲ್ಲಾ ನಿಂತಿರೋದು.

ಆದ್ರೂ ದುಡ್ಡಿನ ಲೆಕ್ಕದಿಂದ ಶುರು ಮಾಡೋಣ, ಯಾಕಂದ್ರೆ ಬಹಳ ಜನಕ್ಕೆ ಅಲ್ಲೇ ಉತ್ತರ ಸಿಕ್ಕಿಬಿಡತ್ತೆ.

ಲೆಕ್ಕದಲ್ಲಿ ಮೊದಲ ಅಡ್ಡಿ ನಾವೇ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಅದನ್ನ ಪ್ರಯೋಗ ಮಾಡಿ ತೋರಿಸಿದಾರೆ. 2012ರಲ್ಲಿ ಮೈಕೆಲ್ ನಾರ್ಟನ್, ಡೇನಿಯಲ್ ಮೋಚನ್, ಡ್ಯಾನ್ ಏರಿಯಲಿ ಅನ್ನೋ ಮೂರು ಜನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ಏನೂ ಬರದೇ ಇರೋ ಜನರ ಕೈಲಿ ಕಾಗದ ಮಡಚಿ ಕೊಕ್ಕರೆ, ಕಪ್ಪೆ ಮಾಡಿಸಿ, ಇದಕ್ಕೆ ಎಷ್ಟು ಕೊಡ್ತೀರ ಅಂತ ಕೇಳಿದ್ರು. ಮಾಡಿದವರು ತಮ್ಮ ಸೊಟ್ಟಂಬಟ್ಟ ಕೊಕ್ಕರೆಗೆ ಹೆಚ್ಚುಕಡಿಮೆ ಪಳಗಿದ ಕೈಯವರು ಮಾಡಿದ್ದಕ್ಕೆ ಇರೋ ಅಷ್ಟೇ ಬೆಲೆ ಕಟ್ಟಿದ್ರು, ಅದನ್ನ ಮಾಡದೇ ಬರೀ ನೋಡಿದವರು ಅದರ ಐದನೇ ಒಂದು ಭಾಗದ ಹತ್ರ ನಿಂತ್ರು. ಇದಕ್ಕೆ ಅವರಿಟ್ಟ ಹೆಸರು ಐಕಿಯಾ ಎಫೆಕ್ಟ್ (ಐಕಿಯಾ ಅಂದ್ರೆ ಮನೆಗೆ ತಂದು ನಾವೇ ಜೋಡಿಸ್ಕೊಳ್ಳೋ ಪೀಠೋಪಕರಣ ಮಾರೋ ಕಂಪನಿ). ಅಂದ್ರೆ ನಾವು ಬೆವರು ಸುರಿಸಿದ್ದು ನಮಗೆ ಕಾಣತ್ತೆ, ಕೊಳ್ಳೋರಿಗೆ ವಸ್ತು ಮಾತ್ರ ಕಾಣತ್ತೆ. ಹಾಗಾಗಿ ಬೆಲೆ ಸರಿಯಿದೆಯಾ ಅಂತ ತಿಳ್ಕೊಳ್ಳೋಕೆ ಮನೆಯವರು ಫ್ರೆಂಡ್ಸು ಉಪಯೋಗಕ್ಕೆ ಬರಲ್ಲ, ನಿಮ್ಮ ಮುಖಪರಿಚಯನೇ ಇಲ್ಲದವರು ಜೇಬಿಂದ ದುಡ್ಡು ತೆಗೀತಾರಾ ಅನ್ನೋದೊಂದೇ ಪರೀಕ್ಷೆ. ಲೈಕ್, ಹಾರ್ಟು, ‘ಸೂಪರ್’ ಇವೆಲ್ಲ ಲೆಕ್ಕಕ್ಕಿಲ್ಲ.

ಎರಡನೇ ಅಡ್ಡಿ ಟೈಮು. ‘ಈ ಶಾಲು ಮಾಡೋಕೆ ಎಷ್ಟು ಹೊತ್ತಾಯ್ತು’ ಅಂದ್ರೆ ನಾವು ಹೇಳೋದು ಸೂಜಿ ಕೈಯಲ್ಲಿ ಹಿಡ್ಕೊಂಡಿದ್ದ ಹೊತ್ತು ಮಾತ್ರ. ನೂಲು ಹುಡುಕಿ ತಂದಿದ್ದು, ಅರ್ಧ ಆದ್ಮೇಲೆ ತಪ್ಪಾಗಿದೆ ಅಂತ ಬಿಚ್ಚಿದ್ದು, ತೊಳೆದು ಹರಡಿ ಪಿನ್ ಹಾಕಿ ಆಕಾರಕ್ಕೆ ತಂದಿದ್ದು, ಬೆಳಕು ನೋಡಿ ಫೋಟೋ ತೆಗೆದಿದ್ದು, ವಿವರ ಬರೆದಿದ್ದು, ‘ಇದೇ ನೀಲಿ ಬಣ್ಣದಲ್ಲಿ ಸಿಗತ್ತಾ’ ಅಂದೋರಿಗೆ ಉತ್ತರ ಕೊಟ್ಟಿದ್ದು (ಅವರು ಆಮೇಲೆ ಪತ್ತೆನೇ ಇಲ್ಲ), ಪ್ಯಾಕ್ ಮಾಡಿದ್ದು, ಕಳಿಸೋಕೆ ಹೋಗಿ ಕ್ಯೂ ನಿಂತಿದ್ದು, ಇದ್ಯಾವುದೂ ಲೆಕ್ಕಕ್ಕೆ ಬರಲ್ಲ. ಮಾರೋ ವಿಷಯಕ್ಕೆ ಬಂದ್ರೆ ಇವೆಲ್ಲವೂ ಕೆಲಸಾನೇ, ಸಣ್ಣ ವಸ್ತುವಾದ್ರೆ ಎಷ್ಟೋ ಸಲ ಮಾಡೋ ಟೈಮಿಗಿಂತ ಈ ಟೈಮೇ ಜಾಸ್ತಿ. ಒಂದು ಜೊತೆ ಓಲೆ ಅರ್ಧ ಗಂಟೇಲಿ ಆಗತ್ತೆ, ಆದ್ರೆ ಫೋಟೋಗೆ ಮೆಸೇಜಿಗೆ ಪ್ಯಾಕಿಂಗಿಗೆ ಒಂದು ಗಂಟೆ ಬೇಕೇ ಬೇಕು.

ಒಂದು ಲೆಕ್ಕ ಹಾಕಿ ನೋಡೋಣ, ಯಾವ ದೇಶದ ದುಡ್ಡು ಅಂತ ಬೇಡ, ಬರೀ ಅಂಕಿ. ಸಾಮಾನಿನ ಖರ್ಚು 10. ಕೈಕೆಲಸ 12 ಗಂಟೆ, ಮೇಲಿನ ಓಡಾಟ 3 ಗಂಟೆ, ಒಟ್ಟು 15. ಆ ಥರದ್ದೇ ಮಷೀನಿನ ಮಾಲು ಬೇರೆಡೆ 40ಕ್ಕೆ ಸಿಗ್ತಿದೆ, ಹಾಗಾಗಿ ನೀವೂ ಧೈರ್ಯ ಸಾಲದೆ 40 ಅಂತ ಇಡ್ತೀರ. ಮಾರೋ ವೆಬ್‌ಸೈಟಿನ ಕಮಿಷನ್ನು, ದುಡ್ಡು ವರ್ಗಾವಣೆ ಫೀಸು, ಡಬ್ಬ, ಟೇಪು ಎಲ್ಲ ಸೇರಿ 6 ಹೋಯ್ತು ಅಂದ್ಕೊಳ್ಳಿ. 40ರಲ್ಲಿ 16 ಕಳೆದ್ರೆ 24, ಅದನ್ನ 15 ಗಂಟೆಗೆ ಹಂಚಿದ್ರೆ ಗಂಟೆಗೆ 1.6. ಈಗ ನಿಮ್ಮನ್ನೇ ಕೇಳ್ಕೊಳ್ಳಿ, ಬೇರೆ ಯಾರಾದ್ರೂ ಬಂದು ‘ಗಂಟೆಗೆ ಇಷ್ಟು ಕೂಲಿ ಕೊಡ್ತೀನಿ ಬಾ’ ಅಂದ್ರೆ ಹೋಗ್ತಿದ್ರಾ? ಇದಕ್ಕೆ ಕೆಟ್ಟು ಹೋಗಿದ್ದರ ಖರ್ಚೂ ಸೇರಿಸಬೇಕು. ಮಣ್ಣಿನ ಕೆಲಸ ಮಾಡೋರಿಗೆ ಇದು ಚೆನ್ನಾಗಿ ಗೊತ್ತು, ಒಣಗುವಾಗ ಒಂದು ಬಿರುಕು ಬಿಡತ್ತೆ, ಆವಿಗೇಲಿ ಇನ್ನೊಂದು ಒಡೆಯತ್ತೆ, ಗ್ಲೇಸ್ (ಮೇಲಿನ ಹೊಳಪಿನ ಲೇಪ) ಅಂದ್ಕೊಂಡ ಹಾಗೆ ಬರದೆ ಮತ್ತೊಂದು ಹೋಗತ್ತೆ, ಹಾಗಾಗಿ ಮಾರೋ ನಾಲ್ಕು ಬಟ್ಟಲಿನ ಬೆಲೇಲಿ ಹೋದ ಒಂದರ ಬೆಲೇನೂ ಸೇರಿರಬೇಕು, ಇಲ್ಲದಿದ್ರೆ ಅಸಲಿಗೇ ಕೈ ಬೀಳತ್ತೆ.

ಕೈಕೆಲಸದವರ ನಡುವೆ ಓಡಾಡೋ ಒಂದು ಹಳೇ ಲೆಕ್ಕ ಇದೆ: ಸಾಮಾನು, ಕೂಲಿ, ಮೇಲುಖರ್ಚು ಮೂರೂ ಕೂಡಿಸಿ, ಅದರ ಎರಡರಷ್ಟು ಅಂಗಡಿಗೆ ಕೊಡೋ ಹೋಲ್‌ಸೇಲ್ ಬೆಲೆ, ಮತ್ತೆ ಅದರ ಎರಡರಷ್ಟು ಗಿರಾಕಿ ಕೊಡೋ ಬೆಲೆ. ಕೇಳಿದ ತಕ್ಷಣ ‘ಇಷ್ಟು ಯಾರು ಕೊಡ್ತಾರೆ’ ಅನ್ಸತ್ತೆ. ಆದ್ರೆ ಅಂಗಡಿಯವರು ತಮ್ಮ ಪಾಲು ಅಂತ ಅರ್ಧದ ಆಸುಪಾಸು ಇಟ್ಕೊಳ್ಳೋದು ಸಾಮಾನ್ಯ, ಬಾಡಿಗೆ ಕರೆಂಟು ಆಳು ಅವರಿಗೂ ಇದೆಯಲ್ಲ. ನೀವು ಬರೀ ಆನ್‌ಲೈನಲ್ಲೇ ಮಾರ್ತೀನಿ ಅಂದ್ರೂ ಅಂಗಡಿಯವರು ಮಾಡೋ ಕೆಲಸಾನ ನೀವೇ ಮಾಡ್ತಿರ್ತೀರ, ಅದಕ್ಕೆ ಬೆಲೆ ಇಡಲೇಬೇಕು. ಈ ಲೆಕ್ಕ ಹಾಕಿದಾಗ ಬಂದ ಸಂಖ್ಯೆ ನೋಡಿ ನಗು ಬಂದ್ರೆ ಅದೂ ಒಂದು ಉತ್ತರಾನೇ: ಆ ವಸ್ತು ಮಾರೋಕಲ್ಲ, ಉಡುಗೊರೆ ಕೊಡೋಕೆ ಇರೋದು.

ಎಲ್ಲಾ ಹವ್ಯಾಸಕ್ಕೂ ಈ ಲೆಕ್ಕ ಒಂದೇ ಥರ ಬರಲ್ಲ, ಇಲ್ಲಿ ಸ್ವಲ್ಪ ನಿಲ್ಲಬೇಕು. ಕೈಯಲ್ಲಿ ಹೆಣೆಯೋರಿಗೆ ಮಷೀನ್ ಇವತ್ತು ನಿನ್ನೆ ಬಂದ ಎದುರಾಳಿ ಅಲ್ಲ, ಇಂಗ್ಲೆಂಡಿನ ವಿಲಿಯಂ ಲೀ ಹೆಣಿಗೆ ಯಂತ್ರ ಮಾಡಿದ್ದು 1589ರಲ್ಲೇ. ದೊಡ್ಡವರ ಒಂದು ಸ್ವೆಟರಿಗೆ ಸಾವಿರ ಮೀಟರಿಗಿಂತ ಜಾಸ್ತಿ ನೂಲು ಹಿಡಿಯೋದು ಮಾಮೂಲಿ, ಅಷ್ಟನ್ನ ಒಂದೊಂದೇ ಹೊಲಿಗೆ ಹಾಕ್ಕೊಂಡು ಬಂದು ಮಷೀನಿನ ಬೆಲೆ ಜೊತೆ ಗುದ್ದಾಡೋದು ಅಂದ್ರೆ ಮೊದಲೇ ಸೋತ ಆಟ. ಕ್ರೋಷಾದ್ದು ವಿಚಿತ್ರ, ಅದನ್ನ ಕೈಯಲ್ಲಿ ಮಾಡಿದ ಹಾಗೇ ಮಾಡೋ ಮಷೀನು ಫ್ಯಾಕ್ಟರಿ ಮಟ್ಟದಲ್ಲಿ ಇನ್ನೂ ಬಂದಿಲ್ಲ. ಹಾಗಂತ ಖುಷಿಪಡೋ ಹಾಗಿಲ್ಲ, ಅಗ್ಗದ ಬೆಲೆಗೆ ಸಿಗೋ ಕ್ರೋಷಾ ಟಾಪ್ ನೋಡಿದ್ರೆ ಅದನ್ನ ಎಲ್ಲೋ ಯಾರೋ ಕೈಯಲ್ಲೇ ಮಾಡಿದಾರೆ, ತೀರಾ ಕಡಿಮೆ ಕೂಲಿಗೆ ಮಾಡಿದಾರೆ ಅಂತ ಅರ್ಥ. ಅಲ್ಲಿ ನಿಮ್ಮ ಎದುರಿಗಿರೋದು ಮಷೀನಲ್ಲ, ಇನ್ನೊಂದು ಬಡ ಕೈ. ಸೋಪು ಮೇಣದ ಬತ್ತಿ ಮಾಡೋರಿಗೆ ಕೈಕೆಲಸದ ಗಂಟೆ ಕಡಿಮೆ, ಒಂದೇ ಸಲಕ್ಕೆ ಹತ್ತಾರು ಎರಕ ಹೊಯ್ಯಬಹುದು, ಆದ್ರೆ ಕಾಯೋದು ಜಾಸ್ತಿ: ಕಾಯಿಸದೆ ಮಾಡೋ ಸೋಪು 4ರಿಂದ 6 ವಾರ ಒಣಗಿ ಹದಕ್ಕೆ ಬರಬೇಕು, ಅಲ್ಲಿವರೆಗೂ ದುಡ್ಡು ಶೆಲ್ಫಲ್ಲಿ ಕೂತಿರತ್ತೆ. ಯಾವುದು ಒಂದೊಂದಾಗಿ ಮಾಡಬೇಕು, ಯಾವುದು ಗುಂಪಾಗಿ ಮಾಡಬಹುದು ಅನ್ನೋದೇ ದುಡ್ಡಿನ ಮಟ್ಟಿಗೆ ದೊಡ್ಡ ವ್ಯತ್ಯಾಸ, ನಿಮ್ಮ ಕೈಚಳಕ ಎಲ್ಲ ಆಮೇಲೆ.

‘ಮಾಡ್ತಾ ಮಾಡ್ತಾ ಸ್ಪೀಡ್ ಬರತ್ತಲ್ಲ’ ಅಂತ ನೀವು ಕೇಳಬಹುದು. ಬರತ್ತೆ, ಅದಕ್ಕೂ ಒಂದು ಲೆಕ್ಕ ಇದೆ. ಅಮೆರಿಕದ ಎಂಜಿನಿಯರ್ ಥಿಯಡೋರ್ ರೈಟ್ 1936ರಲ್ಲಿ ವಿಮಾನ ಫ್ಯಾಕ್ಟರಿ ಲೆಕ್ಕ ಇಟ್ಟು ಒಂದು ವಿಷಯ ಬರೆದ್ರು, ಮಾಡಿದ ಒಟ್ಟು ಸಂಖ್ಯೆ ಎರಡರಷ್ಟು ಆದಾಗೆಲ್ಲ ಒಂದಕ್ಕೆ ಬೀಳೋ ಸರಾಸರಿ ಶ್ರಮ ಸುಮಾರು 20% ಇಳಿಯತ್ತೆ ಅಂತ. ವಿಮಾನಕ್ಕೂ ಕ್ರೋಷಾ ಗೊಂಬೆಗೂ ಒಂದೇ ಅಂಕಿ ಬರತ್ತೆ ಅಂತ ಅಲ್ಲ, ಆದ್ರೆ ಇಳಿಯೋ ರೀತಿ ನೋಡಿ: ಮೊದಲನೇದಕ್ಕೆ 10 ಗಂಟೆ ಹಿಡಿದ್ರೆ, ಎರಡು ಮಾಡಿದಾಗ ಸರಾಸರಿ 8, ನಾಲ್ಕಕ್ಕೆ 6.4, ಎಂಟಕ್ಕೆ 5ರ ಹತ್ರ, ಹದಿನಾರಕ್ಕೆ 4ರ ಹತ್ರ. ಅಂದ್ರೆ ಅದೇ ಗೊಂಬೆ, ಅದೇ ಬಣ್ಣ, ಅದೇ ಕಿವಿ, ಹದಿನಾರು ಸಲ. ಹದಿನಾರು ಬೇರೆ ಬೇರೆ ಗೊಂಬೆ ಮಾಡಿದ್ರೆ ಈ ಲಾಭ ಸಿಗಲ್ಲ, ಪ್ರತಿಯೊಂದೂ ಮೊದಲನೇದೇ ಆಗಿರತ್ತೆ. ಹವ್ಯಾಸ ಇರೋರಲ್ಲಿ ಬಹಳ ಜನಕ್ಕೆ ಮಜಾ ಸಿಗೋದು ಹೊಸದರಲ್ಲಿ, ದುಡ್ಡು ಹುಟ್ಟೋದು ಮತ್ತೆ ಮತ್ತೆ ಅದನ್ನೇ ಮಾಡೋದರಲ್ಲಿ. ಇವೆರಡೂ ಒಂದೇ ಕಡೆ ಇರೋರು ಪುಣ್ಯವಂತರು, ಅಂಥವರು ಇದಾರೆ ಕೂಡ, ಒಂದೇ ಥರದ ಬಟ್ಟಲು ನೂರು ಸಲ ತಿರುಗಿಸೋದರಲ್ಲೇ ಸುಖ ಕಾಣೋರು. ನೀವು ಯಾವ ಜಾತಿ ಅಂತ ತಿಳ್ಕೊಳ್ಳೋಕೆ ಅಂಗಡಿ ತೆರೀಬೇಕಾಗಿಲ್ಲ, ನಿಮಗೆ ತುಂಬಾ ಇಷ್ಟವಾದ ಒಂದು ವಸ್ತು ತಗೊಂಡು ಬದಲಾವಣೆ ಇಲ್ಲದೆ ಹತ್ತು ಮಾಡಿ. ಏಳನೇದಕ್ಕೆ ಕೈ ಹಾಕುವಾಗ ಹೇಗನ್ಸತ್ತೆ ಅನ್ನೋದೇ ಉತ್ತರ. ಯಾರಿಗೂ ಮಾರದೇ ಇದ್ರೂ ಹತ್ತು ಉಡುಗೊರೆ ಆಯ್ತು, ನಷ್ಟ ಏನಿಲ್ಲ.

ಈಗ ಮನಸ್ಸಿನ ವಿಷಯ. ‘ಹವ್ಯಾಸಾನ ದುಡ್ಡಿಗೆ ಕಟ್ಟಿಹಾಕಿದ್ರೆ ಅದರ ಖುಷಿ ಹೋಗತ್ತೆ’ ಅಂತ ಎಲ್ಲರೂ ಹೇಳ್ತಾರೆ, ಅದು ಅರ್ಧ ನಿಜ, ಯಾವ ಅರ್ಧ ಅನ್ನೋದು ಮುಖ್ಯ. 1973ರಲ್ಲಿ ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಒಂದು ಪ್ರಯೋಗ ಪ್ರಕಟಿಸಿದ್ರು. ನರ್ಸರಿ ಮಕ್ಕಳು, ಎಲ್ಲರೂ ಮೊದಲಿಂದ ಚಿತ್ರ ಬಿಡಿಸೋದು ಅಂದ್ರೆ ಇಷ್ಟಪಡೋರೇ. ಒಂದು ಗುಂಪಿಗೆ ‘ಚಿತ್ರ ಬಿಡಿಸಿದ್ರೆ ಸರ್ಟಿಫಿಕೇಟ್ ಕೊಡ್ತೀವಿ’ ಅಂತ ಮೊದಲೇ ಹೇಳಿದ್ರು, ಇನ್ನೊಂದು ಗುಂಪಿಗೆ ಏನೂ ಹೇಳದೆ ಬಿಡಿಸಿದ ಮೇಲೆ ಅಚಾನಕ್ಕಾಗಿ ಅದನ್ನೇ ಕೊಟ್ರು, ಮೂರನೇ ಗುಂಪಿಗೆ ಏನೂ ಇಲ್ಲ. ಸ್ವಲ್ಪ ದಿನ ಬಿಟ್ಟು ಸುಮ್ನೆ ಆಟದ ಹೊತ್ತಲ್ಲಿ ನೋಡಿದ್ರೆ, ಮೊದಲೇ ಆಸೆ ತೋರಿಸಿದ್ದ ಗುಂಪಿನ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರ ಸುಮಾರು ಅರ್ಧ. ಅಚಾನಕ್ ಸಿಕ್ಕಿದವರಿಗೆ ಏನೂ ಆಗಿರಲಿಲ್ಲ. ದೊಡ್ಡವರ ಮೇಲೆ ಇದು ಎಷ್ಟರ ಮಟ್ಟಿಗೆ ಅನ್ವಯ ಆಗತ್ತೆ ಅಂತ ಮನಶ್ಶಾಸ್ತ್ರದವರು ಆಮೇಲೆ ದಶಕಗಟ್ಟಲೆ ಜಗಳ ಆಡಿದಾರೆ, ಆದ್ರೂ ಇಲ್ಲಿ ನಮಗೆ ಬೇಕಾದ ಒಂದು ಎಳೆ ಇದೆ: ಬಹುಮಾನ ಸಿಕ್ಕಿದ್ದಕ್ಕೆ ಖುಷಿ ಹೋಗಲಿಲ್ಲ, ಬಹುಮಾನಕ್ಕೋಸ್ಕರ ಕೂತಿದ್ದಕ್ಕೆ ಹೋಯ್ತು. ನಿಮ್ಮ ಪಾಡಿಗೆ ನೀವು ಮಾಡಿಟ್ಟಿದ್ದ ಶಾಲನ್ನ ಯಾರೋ ಬಂದು ಕೊಂಡ್ಕೊಂಡ್ರೆ ಅದು ಅಚಾನಕ್ ಸರ್ಟಿಫಿಕೇಟು. ಮುಂದಿನ ಭಾನುವಾರದೊಳಗೆ ಕೊಡ್ತೀನಿ ಅಂತ ಅಡ್ವಾನ್ಸ್ ತಗೊಂಡು ಕೂತ್ರೆ ಅದು ಬೇರೆ.

ಆರ್ಡರ್ ಮೇಲೆ ಮಾಡೋದರ ಬಗ್ಗೆ ಇನ್ನೂ ನೇರವಾದ ಪುರಾವೆ ಇದೆ. ತೆರೇಸಾ ಅಮಾಬಿಲೆ ಮತ್ತವರ ಜೊತೆಯವರು 23 ಜನ ವೃತ್ತಿಪರ ಕಲಾವಿದರ ಹತ್ರ ತಲಾ 10 ಆರ್ಡರ್ ಮೇಲೆ ಮಾಡಿದ್ದು, 10 ತಮ್ಮಿಷ್ಟಕ್ಕೆ ಮಾಡಿದ್ದು ತಗೊಂಡು, ಯಾವುದು ಯಾವುದು ಅಂತ ಹೇಳದೆ ತಿಳಿದವರ ಮುಂದೆ ಇಟ್ರು. ಕೈಕೆಲಸದ ಗುಣಮಟ್ಟದಲ್ಲಿ ವ್ಯತ್ಯಾಸ ಇರಲಿಲ್ಲ, ಹೊಸತನದಲ್ಲಿ ಆರ್ಡರ್ ಕೆಲಸಗಳು ಹಿಂದೆ ಬಿದ್ವು. ಆರ್ಡರ್ ಕೊಟ್ಟವರು ಕೈ ಕಟ್ಟಿಹಾಕಿದ್ರು ಅಂತ ಕಲಾವಿದರಿಗೆ ಅನ್ಸಿದಷ್ಟೂ ಈ ಕೊರತೆ ಜಾಸ್ತಿ. ಅದಕ್ಕೇ ನನ್ನ ಅಭಿಪ್ರಾಯ ಕೇಳಿದ್ರೆ, ಶುರುವಲ್ಲಿ ಕಸ್ಟಮ್ ಆರ್ಡರ್ ಅನ್ನೋದನ್ನ ಮುಟ್ಟಲೇಬೇಡಿ. ಮಾಡಿಟ್ಟಿದ್ದನ್ನ ಮಾರಿ, ಮಾರೋಕೆ ಅಂತ ಮಾಡಬೇಡಿ. ಹೆಸರು ಬರೆದುಕೊಡಿ, ಸೈಜ್ ಚೂರು ದೊಡ್ಡದು, ಫೋಟೋದಲ್ಲಿದ್ದ ಬಣ್ಣ ಇದಲ್ಲ, ಈ ಎಲ್ಲ ತಲೆನೋವೂ ಆ ದಾರೀಲೇ ಬರೋದು, ಮತ್ತೆ ಹಾಗೆ ಮಾಡಿದ್ದನ್ನ ಅವರು ಬೇಡ ಅಂದ್ರೆ ಬೇರೆ ಯಾರೂ ತಗೊಳ್ಳಲ್ಲ.

ಬೆಲೆ ಕಡಿಮೆ ಇಡೋರ ಬಗ್ಗೆ ಒಂದು ಮಾತು, ಸ್ವಲ್ಪ ಖಾರವಾಗಿ ಕೇಳಿಸಿದ್ರೂ ಪರವಾಗಿಲ್ಲ. ‘ನನಗೇನು ಇದರಿಂದಲೇ ಹೊಟ್ಟೆ ತುಂಬಬೇಕಾಗಿಲ್ಲ, ನೂಲಿನ ದುಡ್ಡು ಬಂದ್ರೆ ಸಾಕು’ ಅಂತ ಎಷ್ಟೋ ಜನ ಅಸಲಿಗೇ ಕೊಟ್ಟುಬಿಡ್ತಾರೆ. ಒಂದಷ್ಟು ಜನಕ್ಕೆ ಇದೇ ಕೆಲಸ ಅನ್ನ, ಅವರು ಕೂಲಿ ಸೇರಿಸಿ ನಿಜವಾದ ಬೆಲೆ ಹೇಳಿದಾಗ ಗಿರಾಕಿ ‘ಅಲ್ಲಿ ಅರ್ಧಕ್ಕೆ ಕೊಡ್ತಾರೆ’ ಅಂತ ತೋರಿಸೋದು ನಿಮ್ಮ ಕಡೆಗೆ. ಸ್ನೇಹಿತರಿಗೆ ಕೊಡಬೇಕು ಅನ್ಸಿದ್ರೆ ಸುಮ್ನೆ ಉಡುಗೊರೆಯಾಗಿ ಕೊಡಿ, ಇಲ್ಲಾಂದ್ರೆ ಸರಿಯಾದ ಬೆಲೆ ಹೇಳಿ. ನಡುವಿನ ‘ಫ್ರೆಂಡ್ ರೇಟ್’ ಅನ್ನೋದರಲ್ಲಿ ಕೊಟ್ಟವರಿಗೂ ನೆಮ್ಮದಿ ಇಲ್ಲ, ತಗೊಂಡವರಿಗೂ ಅದು ಉಪಕಾರ ಅಂತ ಗೊತ್ತಾಗಲ್ಲ.

ಮಾರೋ ವೆಬ್‌ಸೈಟ್‌ಗಳನ್ನ ನಂಬಿಕೊಂಡು ಕೂರೋದೂ ಅಷ್ಟಕ್ಕಷ್ಟೇ. ಕೈಕೆಲಸದ ವಸ್ತುಗಳಿಗೆ ಅಂತಾನೇ ಹೆಸರಾದ ಎಟ್ಸಿ 2005ರಲ್ಲಿ ಶುರುವಾಯ್ತು, 2013ರಲ್ಲಿ ಮಾರಾಟಗಾರರು ಹೊರಗಿನ ತಯಾರಕರ ಕೈಲಿ ಮಾಡಿಸಿ ಮಾರೋಕೂ ಒಪ್ಪಿಗೆ ಕೊಡ್ತು. ತಪ್ಪು ಅಂತ ಹೇಳ್ತಿಲ್ಲ, ಬೆಳೆದ ಕಂಪನಿಗೆ ಅದರದ್ದೇ ಲೆಕ್ಕ ಇರತ್ತೆ. ಆದ್ರೆ ಅಲ್ಲಿ ನೀವು ಕೂತಿರೋದು ಬಾಡಿಗೆ ಜಾಗದಲ್ಲಿ, ನಿಯಮ ಯಾವಾಗ ಬೇಕಾದ್ರೂ ಬದಲಾಗಬಹುದು ಅನ್ನೋದು ತಲೇಲಿರಲಿ.

ಕಾನೂನಿನ ಕಡೆ ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ದೇಶ ದೇಶಕ್ಕೆ ಬೇರೆ. ಉಡುಗೊರೆ ಕೊಡುವಾಗ ಯಾರೂ ಕೇಳದೇ ಇರೋದನ್ನೆಲ್ಲ ಮಾರುವಾಗ ಕೇಳ್ತಾರೆ. ಮೈಗೆ ಹಚ್ಚೋದು, ಬೆಂಕಿ ಹಚ್ಚೋದು, ಮಕ್ಕಳ ಕೈಗೆ ಹೋಗೋದು, ಈ ಮೂರಕ್ಕೆ ಬಹಳ ಕಡೆ ಬಿಗಿ ಜಾಸ್ತಿ. ಅಮೆರಿಕದಲ್ಲಿ 2008ರ ಕಾಯ್ದೆ ಬಂದ ಮೇಲೆ ಮಕ್ಕಳ ವಸ್ತುಗಳಲ್ಲಿ ಸೀಸದ ಮಿತಿ, ಪರೀಕ್ಷೆ ಅಂತೆಲ್ಲ ಬಂತು, ಯುರೋಪಿಯನ್ ಒಕ್ಕೂಟದಲ್ಲಿ ಮನೇಲಿ ಮಾಡಿದ ಕ್ರೀಮನ್ನ ಮಾರೋಕೂ ಸುರಕ್ಷತಾ ವರದಿ ಬೇಕು. ತೆರಿಗೆಯವರಿಗೆ ಹವ್ಯಾಸ ಬೇರೆ, ವ್ಯಾಪಾರ ಬೇರೆ, ಗೆರೆ ಎಲ್ಲಿ ಅಂತ ನಿಮ್ಮ ಕಡೆ ವಿಚಾರಿಸಿ. ಇನ್ನೊಂದು ಜನ ಮರೆಯೋ ವಿಷಯ, ಬೇರೆಯವರ ಪ್ಯಾಟರ್ನ್ (ಹೇಗೆ ಮಾಡಬೇಕು ಅಂತ ಹಂತ ಹಂತವಾಗಿ ಬರೆದಿಟ್ಟಿದ್ದು) ಕೊಂಡು ಮಾಡಿದ್ದಾದ್ರೆ ಮಾರಬಹುದಾ ಅಂತ ಅದರಲ್ಲಿ ಬರೆದಿರ್ತಾರೆ, ಓದಿ. ಸಿನಿಮಾ ಕಾರ್ಟೂನು ಪಾತ್ರಗಳ ಗೊಂಬೆ ಅಂತೂ ಮನೆ ಮಕ್ಕಳಿಗೆ ಮಾಡಿಕೊಡಿ, ಮಾರೋಕೆ ಹೋಗಬೇಡಿ.

ಇಷ್ಟೆಲ್ಲ ಓದಿ ‘ಹಾಗಾದ್ರೆ ಬೇಡ’ ಅನ್ಸಿದ್ರೆ ಅದು ನನ್ನ ಉದ್ದೇಶ ಅಲ್ಲ. ಹೌದು ಅಲ್ಲ ಅನ್ನೋದರ ನಡುವೆ ಬೇಕಾದಷ್ಟು ಜಾಗ ಇದೆ, ಜನ ಅದನ್ನ ನೋಡೋದೇ ಇಲ್ಲ. ಮನೇಲಿ ಜಾಗ ಸಾಲದಷ್ಟು ಮಾಡಿ ಗುಡ್ಡೆ ಹಾಕಿರೋರು ವರ್ಷಕ್ಕೊಂದು ಸಲ ಒಂದು ಸ್ಟಾಲ್ ಹಾಕಿ ಖಾಲಿ ಮಾಡಬಹುದು, ಆಗ ಗುರಿ ಸಂಬಳ ಅಲ್ಲ, ಮುಂದಿನ ವರ್ಷದ ನೂಲಿನ ಖರ್ಚು, ಆದ್ರೂ ಬೆಲೆ ಮಾತ್ರ ಪೂರ್ತಿನೇ ಇಡಿ. ಒಂದೇ ವಸ್ತು ಮತ್ತೆ ಮತ್ತೆ ಮಾಡೋಕೆ ಬೇಜಾರು, ಹೊಸ ಡಿಸೈನ್ ಮಾಡೋದು ಇಷ್ಟ ಅನ್ನೋರು ಪ್ಯಾಟರ್ನ್ ಬರೆದು ಮಾರಬಹುದು, ಒಂದು ಸಲ ಬರೆದಿದ್ದು ಎಷ್ಟು ಸಲ ಬೇಕಾದ್ರೂ ಹೋಗತ್ತೆ, ಅಲ್ಲಿ ಗಂಟೆಯ ಲೆಕ್ಕವೇ ಬೇರೆ (ಬರೆಯೋದೂ ತಮಾಷೆಯಲ್ಲ, ಬೇರೆಯವರ ಕೈಲಿ ಮಾಡಿಸಿ ತಪ್ಪು ಹುಡುಕಬೇಕು). ಜನರ ಜೊತೆ ಮಾತಾಡೋದು ಇಷ್ಟ ಅನ್ನೋರಿಗೆ ಕಲಿಸೋದು ಎಷ್ಟೋ ಸಲ ಮಾರೋದಕ್ಕಿಂತ ಚೆನ್ನಾಗಿ ದುಡ್ಡು ತರತ್ತೆ. ಮತ್ತೆ ಯಾವುದಾದ್ರೂ ಒಂದು ಕೆಲಸಾನ ಯಾವತ್ತೂ ಮಾರಲ್ಲ ಅಂತ ಪಕ್ಕಕ್ಕಿಡಿ, ಸ್ವೆಟರ್ ಮಾರೋದಾದ್ರೆ ಕಸೂತಿ ನಿಮಗೇ ಇರಲಿ.

ಪರೀಕ್ಷೆಗೆ ಅಂತ ಇಳಿಯೋದಾದ್ರೆ ಹೀಗೆ ಮಾಡಿ. ಒಂದೇ ಒಂದು ವಸ್ತು, ಹೆಚ್ಚೆಂದ್ರೆ ಎರಡು ಬಣ್ಣ, ಒಂದು ಸಣ್ಣ ಲಾಟು, ಮತ್ತೆ ಮುಗಿಯೋ ದಿನಾಂಕ ಮೊದಲೇ ಬರೆದಿಡಿ, ಮೂರು ತಿಂಗಳು ಅಂತ ಇಟ್ಕೊಳ್ಳಿ. ಪೂರ್ತಿ ಲೆಕ್ಕದ ಬೆಲೇನೇ ಇಡಿ, ಮಾರಾಟ ಆಗ್ತಿಲ್ಲ ಅಂತ ಇಳಿಸಬೇಡಿ, ಆ ಬೆಲೆಗೆ ಹೋಗಲ್ಲ ಅನ್ನೋದನ್ನ ತಿಳ್ಕೊಳ್ಳೋದೇ ಪರೀಕ್ಷೆ. ಒಂದು ನೋಟ್‌ಬುಕ್ಕಲ್ಲಿ ಗಂಟೆ, ಖರ್ಚು, ಬಂದ ದುಡ್ಡು, ಅಪರಿಚಿತರಾ ಪರಿಚಯದವರಾ ಇಷ್ಟು ಬರೀರಿ. ಹೋಲ್‌ಸೇಲ್ ರೇಟಿಗೆ ಸಿಗತ್ತೆ ಅಂತ ಗಂಟುಗಟ್ಟಲೆ ಸಾಮಾನು ತರಬೇಡಿ, ಲೋಗೋ, ವಿಸಿಟಿಂಗ್ ಕಾರ್ಡು, ಹೆಸರು ಅಚ್ಚು ಹಾಕಿದ ಡಬ್ಬ ಇದ್ಯಾವುದೂ ಈ ಮೂರು ತಿಂಗಳಿಗೆ ಬೇಕಿಲ್ಲ. ಬಹಳ ಜನ ಇಷ್ಟವಿಲ್ಲದಿದ್ರೂ ಮುಂದುವರಿಸೋದು ಹಾಕಿದ ಬಂಡವಾಳ ಹೋಗತ್ತಲ್ಲ ಅಂತ, ಹಾಕದೇ ಇದ್ರೆ ಆ ಕಷ್ಟಾನೇ ಇರಲ್ಲ. ಅವಧಿ ಮುಗಿದ ದಿನ ಬೇಡ ಅನ್ಸಿದ್ರೆ ಕೈಯಲ್ಲಿರೋ ಆರ್ಡರ್ ಮುಗಿಸಿ, ಇನ್ನೂ ಶುರು ಮಾಡದೇ ಇರೋದಕ್ಕೆ ಯಾರ ಹತ್ರನಾದ್ರೂ ಮುಂಗಡ ತಗೊಂಡಿದ್ರೆ ವಾಪಸ್ ಕೊಟ್ಟು, ‘ಸದ್ಯಕ್ಕೆ ತಗೊಳ್ತಿಲ್ಲ’ ಅಂತ ಒಂದು ಸಾಲು ಹಾಕಿ ನಿಲ್ಲಿಸಬಹುದು. ಕಾರಣ ಕೊಡಬೇಕಾಗಿಲ್ಲ.